ತಕ್ಕಡಿ ಒಂದು, ತೂಕದ ಕಲ್ಲು ಎರಡು

ಕಳೆದ ಭಾದ್ರಪದದಲ್ಲಿ ದಶಲಕ್ಷಣ ಪರ್ವ ಮುಗಿದು, ಕ್ಷಮಾವಾಣಿಯ ದಿನ ಎಲ್ಲರೂ ಎಲ್ಲರಿಗೂ ಕೈಮುಗಿದು ಕ್ಷಮೆ ಬೇಡಿದ ಎಂಟೇ ದಿನಗಳಲ್ಲಿ ನಮ್ಮೂರ ಬಸದಿಯ ಟ್ರಸ್ಟಿನ ಸಭೆ ಸೇರಿತು. ಮೊದಲನೆಯ ವಿಷಯವಾಗಿ ಒಂದು ಖಂಡನಾ ಠರಾವಿನ ಕರಡು ಮಂಡಿತವಾಯಿತು. ಹಾಸ್ಯಚಿತ್ರವೊಂದರಲ್ಲಿ ನವಿಲುಗರಿಯ ಪಿಂಛಿ ಹಿಡಿದ ಪಾತ್ರವೊಂದು ಬಂದು ಪ್ರೇಕ್ಷಕರನ್ನು ನಗಿಸುವುದೆಂದೂ, ಇದರಿಂದ ಸಮಾಜದ ಭಾವನೆಗಳಿಗೆ ಘಾಸಿಯಾಗಿದೆಯೆಂದೂ, ಸರ್ಕಾರವು ಆ ಚಿತ್ರವನ್ನು ಕೂಡಲೇ ನಿಷೇಧಿಸಬೇಕೆಂದೂ ಅದರಲ್ಲಿ ಬರೆಯಲಾಗಿತ್ತು. ಚಿತ್ರವನ್ನು ನೋಡಿದವರು ಯಾರಿದ್ದೀರಿ ಎಂದು ನಾನು ಕೇಳಿದೆ. ಹದಿಮೂರು ಮಂದಿಯಲ್ಲಿ ಒಬ್ಬರೂ ನೋಡಿರಲಿಲ್ಲ. ಸದಸ್ಯರೊಬ್ಬರಿಗೆ ಅವರ ಮೊಮ್ಮಗ ಮೊಬೈಲಿನಲ್ಲಿ ಅರ್ಧ ನಿಮಿಷದ ತುಣುಕನ್ನು ತೋರಿಸಿದ್ದನಂತೆ. ಅದರಲ್ಲಿ ಧ್ವನಿಯೂ ಇರಲಿಲ್ಲವಂತೆ. ನಾನು ಸಹಿ ಹಾಕಲಿಲ್ಲ. ಧರ್ಮಾಭಿಮಾನವಿಲ್ಲದವನು ಎಂಬ ಮಾತನ್ನು ಆ ದಿನ ಕೇಳಬೇಕಾಯಿತು. ಸಭೆಯಲ್ಲಿ ಹೇಳಲಾಗದೆ ಉಳಿದದ್ದನ್ನು ಈ ಪತ್ರಿಕೆಯ ವಾಚಕ ಬಂಧುಗಳ ಮುಂದೆ ನಿವೇದಿಸಿಕೊಳ್ಳುತ್ತಿದ್ದೇನೆ.

ನಾನು ಪಂಡಿತನಲ್ಲ. ವಾಣಿಜ್ಯ ಪದವಿ ಪಡೆದು ನಾಲ್ಕು ದಶಕಗಳ ಕಾಲ ದಿನಸಿಯ ಸಗಟು ವ್ಯಾಪಾರ ಮಾಡಿದವನು. ಅಂಗಡಿಯ ಗಲ್ಲಾಪೆಟ್ಟಿಗೆಯ ಪಕ್ಕದಲ್ಲಿ ತತ್ತ್ವಾರ್ಥಸೂತ್ರವನ್ನೂ ರತ್ನಕರಂಡಕ ಶ್ರಾವಕಾಚಾರವನ್ನೂ ಇಟ್ಟುಕೊಂಡು, ಗಿರಾಕಿಗಳಿಲ್ಲದ ವೇಳೆಯಲ್ಲಿ ಓದಿಕೊಂಡು ಬಂದಿದ್ದೇನೆ. ಆದ್ದರಿಂದ ನನ್ನ ವಿಚಾರ ಅಂಗಡಿಯವನ ವಿಚಾರದಂತೆಯೇ ಇದ್ದೀತು, ವಿದ್ವಾಂಸರು ಮನ್ನಿಸಬೇಕು.

ಮೊದಲಿಗೇ ಒಂದು ಮಾತು. ಚಲನಚಿತ್ರದ ಹಾಸ್ಯದ ಪರವಾಗಿ ವಕಾಲತ್ತು ವಹಿಸುವ ಆಸೆ ನನಗಿಲ್ಲ. ನಮ್ಮ ಆಚಾರ್ಯರು ಹಾಸ್ಯವನ್ನು ಮುಗ್ಧ ವಸ್ತುವೆಂದು ಎಂದೂ ಎಣಿಸಲಿಲ್ಲ. ಚಾರಿತ್ರಮೋಹನೀಯ ಕರ್ಮದ ಒಂಬತ್ತು ನೋಕಷಾಯಗಳಲ್ಲಿ ಹಾಸ್ಯವೇ ಮೊದಲನೆಯದು. ಸತ್ಯವ್ರತದ ಐದು ಭಾವನೆಗಳಲ್ಲಿ ಕ್ರೋಧ, ಲೋಭ, ಭಯಗಳೊಡನೆ ಹಾಸ್ಯದ ತ್ಯಾಗವನ್ನೂ ಉಮಾಸ್ವಾಮಿಗಳು ಹೇಳಿದ್ದಾರೆ. ಏಕೆಂದರೆ ಸಿಟ್ಟಿನಿಂದ ಆಡುವ ಸುಳ್ಳಿಗಿಂತ ನಗಿಸಲು ಆಡುವ ಸುಳ್ಳು ಹೆಚ್ಚು ಸಲೀಸಾಗಿ ಬಾಯಿಗೆ ಬರುತ್ತದೆ. ಅನರ್ಥದಂಡವ್ರತದ ಅತಿಚಾರಗಳನ್ನು ನೋಡಿದರಂತೂ ಆಶ್ಚರ್ಯವಾಗುತ್ತದೆ. ನಗೆಯೊಡನೆ ಬೆರೆತ ಅಸಭ್ಯ ಮಾತು ಕಂದರ್ಪ. ಅದಕ್ಕೆ ಅಂಗವಿಕಾರದ ಚೇಷ್ಟೆಯೂ ಸೇರಿದರೆ ಕೌತ್ಕುಚ್ಯ. ಅರ್ಥವಿಲ್ಲದೆ ವಟಗುಟ್ಟುವುದು ಮೌಖರ್ಯ. ಚಲನಚಿತ್ರವೆಂಬ ವಸ್ತು ಹುಟ್ಟುವುದಕ್ಕೆ ಸಾವಿರಾರು ವರ್ಷ ಮೊದಲೇ ಅದರ ಹಾಸ್ಯದೃಶ್ಯಗಳ ಮುಕ್ಕಾಲು ಪಾಲನ್ನು ಈ ಮೂರು ಶಬ್ದಗಳಲ್ಲಿ ವರ್ಗೀಕರಿಸಿ ಇಟ್ಟಂತಿದೆ. ತೊದಲುವವನ ತೊದಲು, ಕುಳ್ಳನ ಕುಳ್ಳು, ಸ್ಥೂಲಕಾಯದ ಹೆಂಗಸಿನ ನಡಿಗೆ, ಕಿವುಡನ ತಪ್ಪು ಉತ್ತರ, ಇವುಗಳನ್ನು ಬಿಟ್ಟರೆ ನಮ್ಮ ಅನೇಕ ಚಿತ್ರಗಳ ಹಾಸ್ಯನಟರಿಗೆ ಬಂಡವಾಳವೇ ಇಲ್ಲ.

ಆದರೆ ಇಲ್ಲಿಯೇ ನನ್ನ ತಕರಾರು ಆರಂಭವಾಗುತ್ತದೆ. ಈ ಬಂಡವಾಳದಲ್ಲಿ ಬಹಳ ಹಳೆಯದೊಂದು ಸರಕು ಇದೆ: ಮಂತ್ರ ಮರೆತ ಪುರೋಹಿತ, ದಕ್ಷಿಣೆಗೆ ಬಾಯಿಬಿಡುವ ಅರ್ಚಕ, ಹೊಟ್ಟೆಬಾಕ ಸನ್ಯಾಸಿ. ಐವತ್ತು ವರ್ಷಗಳಿಂದ ನಮ್ಮ ಕುಟುಂಬಗಳು ಚಿತ್ರಮಂದಿರದಲ್ಲಿ ಕುಳಿತು, ಈಗ ಮನೆಯ ಪಡಸಾಲೆಯಲ್ಲಿಯೇ ಕುಳಿತು, ಈ ಪಾತ್ರಗಳನ್ನು ನೋಡಿ ನಕ್ಕಿವೆ. ನಾನೂ ನಕ್ಕಿದ್ದೇನೆ. ಆ ಅರ್ಚಕನ ಮನೆಯವರ ಭಾವನೆಗೆ ಘಾಸಿಯಾಯಿತೆಂದು ಯಾವ ಬಸದಿಯ ಟ್ರಸ್ಟೂ ಠರಾವು ಮಾಡಿದ್ದನ್ನು ನಾನು ಕಾಣೆ. ಅನ್ಯರ ಪೂಜಾರಿಯಾದರೆ ಅದು ಹಾಸ್ಯ, ನಮ್ಮ ಪಿಂಛಿಯಾದರೆ ಅದು ಅಪರಾಧ. ಅಚೌರ್ಯಾಣುವ್ರತದ ಅತಿಚಾರಗಳಲ್ಲಿ ಹೀನಾಧಿಕ ಮಾನೋನ್ಮಾನ ಎಂಬುದೊಂದು ಇದೆಯಷ್ಟೆ. ಕೊಳ್ಳುವಾಗ ಒಂದು ತೂಕದ ಕಲ್ಲು, ಮಾರುವಾಗ ಇನ್ನೊಂದು. ತೂಕ-ಅಳತೆ ಇಲಾಖೆಯವರು ಬಂದು ಮುದ್ರೆ ಪರೀಕ್ಷಿಸುವ ದಿನ ಗಲ್ಲದ ಕೆಳಗೆ ಬಚ್ಚಿಡುವ ಆ ಎರಡನೆಯ ಕಲ್ಲನ್ನು ವ್ಯಾಪಾರದಲ್ಲಿ ಬಳಸಿದವರನ್ನು ನಾವು ಬೈಯುತ್ತೇವೆ. ನಗೆಯ ವ್ಯಾಪಾರದಲ್ಲಿ ಇಡೀ ಸಮಾಜವೇ ಅದನ್ನು ಬಳಸುತ್ತಿದೆ.

ನಮ್ಮ ಹಿರಿಯರು ನಗಲಿಲ್ಲವೇ? ಹರಿಭದ್ರಸೂರಿಗಳು ಎಂಟನೆಯ ಶತಮಾನದಲ್ಲಿ ಪ್ರಾಕೃತದಲ್ಲಿ ರಚಿಸಿದ ಧೂರ್ತಾಖ್ಯಾನವನ್ನು ಓದಿದವರಿಗೆ ಉತ್ತರ ಗೊತ್ತು. ಉಜ್ಜಯಿನಿಯ ಉದ್ಯಾನದಲ್ಲಿ ಮಳೆಗಾಲದಲ್ಲಿ ಹಸಿದು ಕುಳಿತ ಐವರು ಠಕ್ಕರು ಪಂದ್ಯ ಕಟ್ಟುತ್ತಾರೆ. ಒಬ್ಬೊಬ್ಬನೂ ತನ್ನ ಅನುಭವವೆಂದು ಒಂದು ಕಥೆ ಹೇಳಬೇಕು; ಅದನ್ನು ಸುಳ್ಳೆಂದವನು ಎಲ್ಲರಿಗೂ ಊಟ ಹಾಕಬೇಕು. ಒಬ್ಬನನ್ನು ಆನೆ ಅಟ್ಟಿಸಿಕೊಂಡು ಬಂದು ಇಬ್ಬರೂ ಕಮಂಡಲುವಿನೊಳಗೆ ಹೊಕ್ಕುಬಿಡುತ್ತಾರೆ. ಇದು ನಂಬತಕ್ಕದ್ದೇ ಎಂದು ಉಳಿದವರು ಪುರಾಣೇತಿಹಾಸಗಳಿಂದ ಪ್ರಮಾಣ ಕೊಡುತ್ತಾರೆ! ಕೊನೆಗೆ ಗೆಲ್ಲುವವಳು ಖಂಡಪಾನೆ ಎಂಬ ಹೆಂಗಸು. ಇಂದು ಯಾರಾದರೂ ಇದನ್ನು ಹಾಗೆಯೇ ಚಿತ್ರವಾಗಿ ತೆಗೆದರೆ ಚಿತ್ರಮಂದಿರದ ಗಾಜುಗಳು ಉಳಿದಾವೆಯೇ ಎಂಬ ಶಂಕೆ ನನಗಿದೆ. ಕನ್ನಡದಲ್ಲಿ ಹನ್ನೆರಡನೆಯ ಶತಮಾನದ ಬ್ರಹ್ಮಶಿವನ ಸಮಯಪರೀಕ್ಷೆ, ಅನಂತರದ ವೃತ್ತವಿಲಾಸನ ಧರ್ಮಪರೀಕ್ಷೆ ಇವೆ. ಅನ್ಯ ಸಮಯಗಳ ದೇವತೆಗಳನ್ನೂ ಆಚಾರಗಳನ್ನೂ ಈ ಗ್ರಂಥಗಳು ಎಷ್ಟು ಕಟುವಾಗಿ ವಿಡಂಬಿಸಿವೆ ಎಂಬುದನ್ನು ನಮ್ಮ ವಿದ್ಯಾರ್ಥಿಗಳು ಅಭಿಮಾನದಿಂದಲೇ ಓದುತ್ತಾರೆ, ನಮ್ಮ ಸಂಸ್ಥೆಗಳು ಮುದ್ರಿಸುತ್ತವೆ. ಪರೀಕ್ಷೆ ಎಂಬ ಪದವನ್ನು ಗ್ರಂಥದ ಹೆಸರಿನಲ್ಲಿಯೇ ಇಟ್ಟ ಪರಂಪರೆಯವರು ನಾವು. ಬಂಗಾರವನ್ನು ಒರೆಗೆ ಹಚ್ಚುವವನು ತನ್ನ ಬಂಗಾರವನ್ನು ಮಾತ್ರ ಹಚ್ಚಬೇಡಿ ಎಂದರೆ ಪೇಟೆಯವರು ಏನೆಂದು ತಿಳಿಯಬೇಕು?

ನನ್ನ ಎದುರುಪಕ್ಷದ ಮಿತ್ರರು ಮೂರ್ಖರಲ್ಲ. ಅವರ ಕೈಯಲ್ಲಿ ಒಂದು ಬಲವಾದ ಶಾಸ್ತ್ರಾಧಾರವಿದೆ. ಸಮ್ಯಗ್ದರ್ಶನದ ಎಂಟು ಅಂಗಗಳಲ್ಲಿ ಐದನೆಯದಾದ ಉಪಗೂಹನ. ಅಶಕ್ತರಿಂದ, ಅಜ್ಞಾನಿಗಳಿಂದ ಮಾರ್ಗಕ್ಕೆ ಬಂದ ನಿಂದೆಯನ್ನು ಮುಚ್ಚಬೇಕು ಎಂದು ಸಮಂತಭದ್ರಸ್ವಾಮಿಗಳೇ ಹೇಳಿದ ಮೇಲೆ, ಧರ್ಮವನ್ನು ನಗೆಪಾಟಲು ಮಾಡುವ ಚಿತ್ರವನ್ನು ತಡೆಯುವುದು ಶ್ರಾವಕನ ಕರ್ತವ್ಯವಲ್ಲವೇ ಎಂದು ಅವರು ಸಭೆಯಲ್ಲಿ ಕೇಳಿದರು. ಒಳ್ಳೆಯ ಪ್ರಶ್ನೆ. ಉತ್ತರ ಆ ಅಂಗದ ದೃಷ್ಟಾಂತಕಥೆಯಲ್ಲಿಯೇ ಇದೆ. ಕಥಾನಾಯಕ ನಮ್ಮವನೇ, ಒಬ್ಬ ವ್ಯಾಪಾರಿ.

ತಾಮ್ರಲಿಪ್ತಿಯ ಜಿನೇಂದ್ರಭಕ್ತ ಶ್ರೇಷ್ಠಿಯ ಮನೆಯ ಚೈತ್ಯಾಲಯದಲ್ಲಿ ಪಾರ್ಶ್ವನಾಥನ ಪ್ರತಿಮೆಯ ಛತ್ರತ್ರಯದ ಮೇಲೆ ಬೆಲೆಬಾಳುವ ವೈಡೂರ್ಯವಿತ್ತು. ಅದನ್ನು ಕದಿಯಲು ಸೂರ್ಯನೆಂಬ ಕಳ್ಳನು ಕ್ಷುಲ್ಲಕನ ವೇಷ ಹಾಕಿ, ಉಪವಾಸಗಳಿಂದ ದೇಹ ಒಣಗಿಸಿಕೊಂಡು ಊರಿಗೆ ಬಂದ. ಶ್ರೇಷ್ಠಿ ಅವನನ್ನು ನಂಬಿ, ಮಣಿಯ ಕಾವಲಿಗೇ ಇಟ್ಟು ವ್ಯಾಪಾರಕ್ಕೆ ಹೊರಟ. ನಡುರಾತ್ರಿಯಲ್ಲಿ ಕಳ್ಳ ಮಣಿಯೊಡನೆ ಓಡಿದ. ಮಣಿಯ ಬೆಳಕೇ ಅವನನ್ನು ಹಿಡಿದುಕೊಟ್ಟಿತು. ಅಟ್ಟಿಬಂದ ತಳವಾರರ ಮುಂದೆ ಶ್ರೇಷ್ಠಿಯು, ಅದನ್ನು ತರಲು ನಾನೇ ಹೇಳಿದ್ದೆ ಎಂದು ಹೇಳಿ ಸನ್ಯಾಸವೇಷದ ಮಾನ ಉಳಿಸಿದ. ನಮ್ಮ ಮಿತ್ರರು ಕಥೆಯನ್ನು ಇಲ್ಲಿಗೇ ನಿಲ್ಲಿಸುತ್ತಾರೆ. ಆದರೆ ಕಥೆಯಲ್ಲಿ ಇನ್ನೊಂದು ಘಟ್ಟವಿದೆ. ತಳವಾರರು ಹೋದ ಮೇಲೆ ಶ್ರೇಷ್ಠಿಯು ಆ ವೇಷಧಾರಿಯನ್ನು ತನ್ನ ಮನೆಯಿಂದ ಹೊರಗಟ್ಟಿದ. ಹೊರಗೆ ಮುಚ್ಚಿದವನು ಒಳಗೆ ಶುದ್ಧಿ ಮಾಡಿದ. ಈ ಎರಡನೆಯ ಕೆಲಸ ಮಾಡದೆ ಮೊದಲನೆಯದನ್ನು ಮಾತ್ರ ಮಾಡುವವನು ಕಳ್ಳನಿಗೆ ಕಾವಲು ಕಾಯುವವನಾಗುತ್ತಾನೆ, ಅಷ್ಟೆ.

ಈ ಕಥೆಯನ್ನು ಓದಿದಾಗಲೆಲ್ಲ ನನಗೆ 1923ರಲ್ಲಿ ಬಂದ ಚಾರ್ಲಿ ಚಾಪ್ಲಿನ್ನನ ‘ದಿ ಪಿಲ್‌ಗ್ರಿಮ್’ ಎಂಬ ಮೂಕಚಿತ್ರ ನೆನಪಾಗುತ್ತದೆ. ಸೆರೆಮನೆಯಿಂದ ತಪ್ಪಿಸಿಕೊಂಡ ಕೈದಿಯೊಬ್ಬ ಪಾದ್ರಿಯ ಉಡುಪು ಕದ್ದು ತೊಟ್ಟು, ಅಮೆರಿಕೆಯ ಟೆಕ್ಸಾಸ್ ಸೀಮೆಯ ಸಣ್ಣ ಊರಿನಲ್ಲಿ ರೈಲು ಇಳಿಯುತ್ತಾನೆ. ಹೊಸ ಪಾದ್ರಿಗಾಗಿ ಕಾಯುತ್ತಿದ್ದ ಊರವರು ಅವನನ್ನು ಇಗರ್ಜಿಗೆ ಕರೆದೊಯ್ಯುತ್ತಾರೆ. ಕಾಣಿಕೆ ಪೆಟ್ಟಿಗೆಗಳು ಬಂದಾಗ ಅವನು ಅವುಗಳನ್ನು ಕೈಯಲ್ಲಿ ತೂಗಿ ನೋಡಿ, ಹೆಚ್ಚು ಕೊಟ್ಟ ಸಾಲಿನವರನ್ನು ಮೆಚ್ಚುಗೆಯಿಂದ ನೋಡುತ್ತಾನೆ. ಕಲಶಗಳ ಸವಾಲಿನ ದಿನ ಹೆಚ್ಚಿನ ಮೊತ್ತ ಕೂಗಿದವರ ಕಡೆಗೆ ವೇದಿಕೆಯ ಮೇಲಿನವರ ಮುಖ ತಿರುಗುವ ಬಗೆಯನ್ನು ಬಲ್ಲ ಯಾವ ಶ್ರಾವಕನಿಗೂ ಈ ದೃಶ್ಯದ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ. ಪ್ರವಚನ ಮಾಡಲು ಬಾರದ ಆ ಕೈದಿ ದಾವೀದ–ಗೊಲ್ಯಾತರ ಕಥೆಯನ್ನು ಮೂಕಾಭಿನಯದಲ್ಲಿ ಆಡಿ, ರಂಗದ ನಟನಂತೆ ಮತ್ತೆ ಮತ್ತೆ ಬಂದು ನಮಸ್ಕರಿಸುತ್ತಾನೆ. ಆಮೇಲೆ ಅವನ ಹಳೆಯ ಜೊತೆಗಾರನು ಆಶ್ರಯ ಕೊಟ್ಟ ಮನೆಯವರ ಹಣ ಕದ್ದಾಗ, ಈ ವೇಷದ ಪಾದ್ರಿಯೇ ಅದನ್ನು ಮರಳಿ ತಂದುಕೊಡುತ್ತಾನೆ. ಅಂದರೆ ವೇಷವು ಕಳ್ಳನನ್ನು ಒಂದಿಷ್ಟು ತಿದ್ದಿತು. ಇಡೀ ಚಿತ್ರದಲ್ಲಿ ಏಸುವನ್ನಾಗಲಿ ಪ್ರಾರ್ಥನೆಯನ್ನಾಗಲಿ ಹೀಗಳೆದ ಪ್ರಸಂಗ ನನಗೆ ಕಾಣಲಿಲ್ಲ. ನಗೆ ಬೀಳುವುದು ಎರಡರ ಮೇಲೆ: ವೇಷದ ಮೇಲೆ, ಮತ್ತು ವೇಷವನ್ನು ಕಂಡೊಡನೆ ಕೈಮುಗಿಯುವ ನಮ್ಮಂಥವರ ಮೇಲೆ. ಜಿನೇಂದ್ರಭಕ್ತನ ಕಥೆಯಲ್ಲಿಯೂ ವಾಸ್ತವವಾಗಿ ನಗಬೇಕಾದ ಸ್ಥಾನ ಅದೇ. ಕಳ್ಳನನ್ನೇ ಕಾವಲಿಗಿಟ್ಟ ಶೆಟ್ಟರ ಬಗ್ಗೆ ಕಥೆಗಾರರು ತುಟಿಯಂಚಿನಲ್ಲಿ ನಕ್ಕಿರಲಿಕ್ಕಿಲ್ಲವೇ?

ಇದಕ್ಕಿಂತ ಹೆಚ್ಚು ಗದ್ದಲವೆಬ್ಬಿಸಿದ್ದು 1979ರ ‘ಲೈಫ್ ಆಫ್ ಬ್ರಯನ್’ ಎಂಬ ಇಂಗ್ಲಿಷ್ ಚಿತ್ರ. ಮಾಂಟಿ ಪೈಥಾನ್ ಎಂಬ ಹಾಸ್ಯತಂಡದವರು ತೆಗೆದದ್ದು. ಹಣ ಹಾಕಬೇಕಾಗಿದ್ದ ಕಂಪನಿ ಹೆದರಿ ಹಿಂದೆ ಸರಿದಾಗ ಬೀಟಲ್ಸ್ ತಂಡದ ಜಾರ್ಜ್ ಹ್ಯಾರಿಸನ್ ಬಂಡವಾಳ ಒದಗಿಸಿದರು. ಏಸುವಿನ ಕಾಲದಲ್ಲಿಯೇ ಹುಟ್ಟಿದ ಬ್ರಯನ್ ಎಂಬ ಸಾಧಾರಣ ಯುವಕನನ್ನು ಜನ ಬಲವಂತವಾಗಿ ಪ್ರವಾದಿಯನ್ನಾಗಿ ಮಾಡಿಬಿಡುವ ಕಥೆ ಅದು. ಐರ್ಲೆಂಡಿನಲ್ಲಿ 1987ರವರೆಗೆ ಅದಕ್ಕೆ ನಿಷೇಧವಿತ್ತು. ನಾರ್ವೆ ಕೂಡ ಕೆಲಕಾಲ ನಿಷೇಧಿಸಿತು. ನಾರ್ವೆಯವರು ನಿಷೇಧಿಸುವಷ್ಟು ನಗೆಯ ಚಿತ್ರವೆಂದು ನೆರೆಯ ಸ್ವೀಡನ್ನಿನಲ್ಲಿ ಅದನ್ನೇ ಜಾಹೀರಾತು ಮಾಡಿಕೊಂಡು ಟಿಕೆಟ್ ಮಾರಿದರು. ನಿಷೇಧದ ಠರಾವು ಬರೆಯುವ ನಮ್ಮ ಟ್ರಸ್ಟುಗಳು ವ್ಯಾಪಾರಿಗಳಿಂದಲೇ ತುಂಬಿವೆ. ಎದುರಾಳಿಗೆ ಪುಕ್ಕಟೆ ಜಾಹೀರಾತು ಕೊಡಬಾರದೆಂಬ ಪೇಟೆಯ ಪ್ರಥಮ ಪಾಠವನ್ನು ಅಲ್ಲಿ ಮಾತ್ರ ಮರೆಯುವುದೇಕೋ ತಿಳಿಯದು.

ಆ ಚಿತ್ರ ಬಿಡುಗಡೆಯಾದ ಹೊಸತರಲ್ಲಿ ಬಿಬಿಸಿ ದೂರದರ್ಶನದಲ್ಲಿ ಒಂದು ಚರ್ಚೆ ಏರ್ಪಟ್ಟಿತು. ಒಂದು ಕಡೆ ಚಿತ್ರದ ಇಬ್ಬರು ನಟರು. ಇನ್ನೊಂದು ಕಡೆ ಸದರ್ಕ್‌ನ ಬಿಷಪ್ ಮರ್ವಿನ್ ಸ್ಟಾಕ್‌ವುಡ್ ಮತ್ತು ಲೇಖಕ ಮಾಲ್ಕಮ್ ಮಗ್ಗರಿಜ್. ಏಸುವನ್ನು ಅಪಹಾಸ್ಯ ಮಾಡಿದ್ದೀರಿ ಎಂಬುದು ಹಿರಿಯರ ಆರೋಪ. ಆದರೆ ಅವರಿಬ್ಬರೂ ಚಿತ್ರಪ್ರದರ್ಶನಕ್ಕೆ ತಡವಾಗಿ ಬಂದು ಆರಂಭದ ಭಾಗವನ್ನೇ ನೋಡಿರಲಿಲ್ಲವೆಂದು ನಟರು ಅನಂತರ ಹೇಳಿದರು. ಆ ಆರಂಭದಲ್ಲಿಯೇ ಏಸು ಪ್ರತ್ಯೇಕ ವ್ಯಕ್ತಿಯಾಗಿ ಕಾಣಿಸಿಕೊಂಡು ಗಿರಿಪ್ರವಚನ ಮಾಡುತ್ತಾನೆ. ಆ ದೃಶ್ಯದಲ್ಲಿ ಅವನ ಬಗ್ಗೆ ಲೇಶವೂ ಅಗೌರವವಿಲ್ಲ. ಹಾಸ್ಯವಿರುವುದು ಹಿಂದಿನ ಸಾಲಿನಲ್ಲಿ. ದೂರ ನಿಂತವರಿಗೆ ಮಾತು ಸರಿಯಾಗಿ ಕೇಳಿಸದೆ ಏನೇನೋ ತಿಳಿದುಕೊಂಡು ತಮ್ಮತಮ್ಮಲ್ಲೇ ಜಗಳವಾಡುತ್ತಾರೆ. ಮುಂದೆ, ಬೆನ್ನಟ್ಟಿದ ಭಕ್ತರಿಂದ ಓಡುವಾಗ ಬ್ರಯನ್ನನ ಕಾಲಿನ ಒಂದು ಪಾದರಕ್ಷೆ ಕಳಚಿ ಬೀಳುತ್ತದೆ. ಅದೇ ಸಂಕೇತ, ಅದನ್ನೇ ಅನುಸರಿಸಬೇಕು ಎಂದು ಒಂದು ಪಂಗಡ. ಅಲ್ಲ, ಅವನು ಕೊಟ್ಟ ಸೋರೆಬುರುಡೆಯೇ ನಿಜವಾದ ಕುರುಹು ಎಂದು ಇನ್ನೊಂದು ಪಂಗಡ. ಕ್ಷಣಾರ್ಧದಲ್ಲಿ ಎರಡು ಮತಗಳು!

ಇಲ್ಲಿ ನನಗೆ ನಗಲು ಧೈರ್ಯ ಬರಲಿಲ್ಲ. ಅಭಿಷೇಕಕ್ಕೆ ಹಾಲು ತುಪ್ಪ ಬಳಸಬೇಕೋ ಬರಿಯ ನೀರು ಸಾಕೋ, ಪೂಜೆಗೆ ಹಸಿ ಹೂ ಏರಿಸಬಹುದೋ ಇಲ್ಲವೋ ಎಂದು ಬೀಸಪಂಥ–ತೇರಾಪಂಥಗಳೆಂದು ವಿಭಾಗವಾದವರ ವಂಶಜರು ನಾವು. ಮಹಾರಾಷ್ಟ್ರದ ಶಿರಪುರದಲ್ಲಿ ಅಂತರಿಕ್ಷ ಪಾರ್ಶ್ವನಾಥನ ದೇವಾಲಯಕ್ಕೆ ದಿಗಂಬರ–ಶ್ವೇತಾಂಬರರ ವ್ಯಾಜ್ಯದಿಂದ ನಾಲ್ಕು ದಶಕಗಳ ಕಾಲ ಬೀಗ ಬಿದ್ದಿತ್ತು. 2023ರಲ್ಲಿ ಸರ್ವೋಚ್ಚ ನ್ಯಾಯಾಲಯದ ಆದೇಶದ ಅನಂತರವಷ್ಟೇ ಅದು ತೆರೆಯಿತು. ವೀತರಾಗನ ಮೂರ್ತಿಗೆ ಲೇಪ ಯಾರು ಮಾಡಬೇಕೆಂಬ ರಾಗದ್ವೇಷ! ಇದನ್ನು ಯಾವ ಹಾಸ್ಯಚಿತ್ರದ ಲೇಖಕನೂ ಕಲ್ಪಿಸಿ ಬರೆಯಲಿಲ್ಲ. ಬರೆದಿದ್ದರೆ ಉತ್ಪ್ರೇಕ್ಷೆಯಾಯಿತು ಎಂದು ನಾವೇ ಹೇಳುತ್ತಿದ್ದೆವು.

ನಮ್ಮ ದೇಶದ ಉದಾಹರಣೆಗೆ ಬರೋಣ. ಉಮೇಶ್ ಶುಕ್ಲಾ ನಿರ್ದೇಶಿಸಿದ 2012ರ ಹಿಂದಿ ಚಿತ್ರ ‘ಓಎಂಜಿ’ಯನ್ನು ಬಹಳ ಮಂದಿ ನೋಡಿರಬಹುದು. ಗುಜರಾತಿ ನಾಟಕವೊಂದನ್ನು ಆಧರಿಸಿದ ಇದು 2016ರಲ್ಲಿ ಉಪೇಂದ್ರ, ಸುದೀಪರ ಅಭಿನಯದಲ್ಲಿ ‘ಮುಕುಂದ ಮುರಾರಿ’ ಎಂಬ ಹೆಸರಿನಿಂದ ಕನ್ನಡಕ್ಕೂ ಬಂತು. ಮೂಲದಲ್ಲಿ ಪರೇಶ್ ರಾವಲ್ ಅಭಿನಯಿಸಿದ ಕಾಂಜಿಭಾಯಿ ಮುಂಬಯಿಯಲ್ಲಿ ದೇವರ ವಿಗ್ರಹಗಳನ್ನು ಮಾರುವ ಅಂಗಡಿಕಾರ, ಸ್ವತಃ ನಾಸ್ತಿಕ. ಭೂಕಂಪದಲ್ಲಿ ಅವನ ಅಂಗಡಿ ಕುಸಿಯುತ್ತದೆ. ಇದು ದೈವಕೃತ್ಯ, ಪರಿಹಾರ ಕೊಡಲಾಗದು ಎಂದು ವಿಮಾ ಕಂಪನಿ ಕೈಚೆಲ್ಲುತ್ತದೆ. ಹಾಗಾದರೆ ದೇವರ ಮೇಲೆಯೇ ದಾವೆ ಎಂದು ಅವನು ನ್ಯಾಯಾಲಯಕ್ಕೆ ಹೋಗುತ್ತಾನೆ. ಇದೇ ಬಗೆಯ ಕಥೆಯ ಚಿತ್ರವೊಂದು 2001ರಲ್ಲಿ ಆಸ್ಟ್ರೇಲಿಯಾದಲ್ಲಿಯೂ ಬಂದಿತ್ತು. ಅಲ್ಲಿ ಸಿಡಿಲು ಬಡಿದು ದೋಣಿ ನಾಶವಾಗುತ್ತದೆ.

ವಿಮಾ ಪಾಲಿಸಿಯ ಸಣ್ಣ ಅಕ್ಷರಗಳನ್ನು ಓದಿ ಓದಿ ಕಣ್ಣು ಕೆಡಿಸಿಕೊಂಡ ನನ್ನಂಥವನಿಗೆ ಈ ಕಥೆ ರುಚಿಸದೆ ಇದ್ದೀತೇ? ಹಿಂದಿನ ಅಗ್ನಿವಿಮೆಯಲ್ಲಿ ಭೂಕಂಪಕ್ಕೆ ಬೇರೆ ಪ್ರೀಮಿಯಂ ಕಟ್ಟಿ ಸೇರಿಸಿಕೊಳ್ಳಬೇಕಾಗಿತ್ತು. ಕಾಂಜಿಭಾಯಿ ಅದನ್ನು ಮಾಡಿರಲಿಲ್ಲವೆಂದು ತೋರುತ್ತದೆ. ಅದಿರಲಿ. ನಾನು ಚಿತ್ರ ನೋಡುತ್ತ ಯೋಚಿಸಿದ್ದು, ಈ ಮೊಕದ್ದಮೆ ಜೈನ ಅಂಗಡಿಕಾರನಿಂದ ಸಾಧ್ಯವೇ ಇಲ್ಲ ಎಂದು. ಸೃಷ್ಟಿಕರ್ತನನ್ನೇ ಒಪ್ಪದ ದರ್ಶನ ನಮ್ಮದು. ಪ್ರತಿವಾದಿಯೇ ಇಲ್ಲದ ದಾವೆಯನ್ನು ಯಾವ ನ್ಯಾಯಾಧೀಶ ದಾಖಲಿಸಿಕೊಂಡಾನು? ಹಾಗೆ ಯೋಚಿಸಿ ನಾನು ಸುಖವಾಗಿ ನಗುತ್ತ ಕುಳಿತಿದ್ದೆ. ಒಂದು ಆಕ್ಷೇಪಣೆಯೂ ಹೊಳೆಯಿತು. ಹೊಸ ವಿಗ್ರಹಕ್ಕೆ ಮಹಿಮೆಯ ಕಥೆ ಕಟ್ಟಿ ಹೆಚ್ಚಿನ ಬೆಲೆಗೆ ಮಾರುವ ಕಾಂಜಿಭಾಯಿಯ ಚಾಳಿಯನ್ನು ಚಿತ್ರ ಬರಿಯ ಚೇಷ್ಟೆಯೆಂಬಂತೆ ತೋರಿಸುತ್ತದೆ. ನಮ್ಮಲ್ಲಿ ಅದಕ್ಕೆ ಪ್ರತಿರೂಪಕ ವ್ಯವಹಾರವೆಂದು ಹೆಸರು, ಕಳ್ಳತನದ ಸೋದರ. ಧರ್ಮದ ವ್ಯಾಪಾರಿಗಳನ್ನು ನ್ಯಾಯಾಲಯಕ್ಕೆ ಎಳೆಯುವವನು ತಾನೂ ಕಟಕಟೆಯಲ್ಲಿ ಒಂದು ಗಳಿಗೆ ನಿಲ್ಲಬೇಕಾಗಿತ್ತು. ಚಿತ್ರದ ದೊಡ್ಡ ದೋಷ ಇದೇ ಎಂದು ನನ್ನ ಅಭಿಪ್ರಾಯ.

ಆಮೇಲೆ ಹಾಲಿನ ದೃಶ್ಯ ಬಂತು. ದೇವಾಲಯದಲ್ಲಿ ಭಕ್ತರು ಸುರಿಯುವ ಹಾಲು ಕೊಳವೆಯಲ್ಲಿ ಹರಿದು ಹೊರಗೆ ಮೋರಿಗೆ ಸೇರುವುದನ್ನು ಕಾಂಜಿಭಾಯಿ ಕಾಣುತ್ತಾನೆ. ನನ್ನ ನಗು ಅಲ್ಲಿಗೆ ನಿಂತಿತು. ನಮ್ಮ ಮನೆತನದ ಹೆಸರಿನಲ್ಲಿ ವರ್ಷಕ್ಕೊಮ್ಮೆ ನಡೆಯುವ ಪಂಚಾಮೃತ ಅಭಿಷೇಕಕ್ಕೆ ನಾನೇ ಹಾಲು ಕೊಡಿಸುತ್ತೇನೆ. ಗಂಧೋದಕವನ್ನು ಹಣೆಗೆ ಹಚ್ಚಿಕೊಂಡು ಮನೆಗೆ ಬರುತ್ತೇನೆ. ಉಳಿದ ಹಾಲು ಎಲ್ಲಿಗೆ ಹೋಗುತ್ತದೆಂದು ಇಷ್ಟು ವರ್ಷ ಹಿಂದಿನ ಗೋಡೆಯ ಬಳಿಗೆ ಹೋಗಿ ನೋಡಿರಲಿಲ್ಲ. ಮರುದಿನ ಹೋಗಿ ನೋಡಿದೆ. ಅಲ್ಲಿ ತೊಟ್ಟಿಯಿಲ್ಲ, ಮೋರಿಯಿದೆ; ಮೋರಿಯಲ್ಲಿ ಇರುವೆಗಳಿದ್ದವು, ಹುಳುಗಳಿದ್ದವು. ರಾತ್ರಿ ದೀಪಕ್ಕೆ ಹುಳು ಬಿದ್ದೀತೆಂದು ಹೊತ್ತು ಮುಳುಗುವ ಮೊದಲೇ ಉಣ್ಣುವ ಸಮಾಜದ ಬಸದಿ ಅದು. ನಾನು ಅಭಿಷೇಕದ ವಿರೋಧಿಯಲ್ಲ. ಈ ವರ್ಷವೂ ಮಾಡಿಸಿದ್ದೇನೆ, ಹಾಲಿನ ಅಳತೆಯನ್ನು ಒಂದು ತಂಬಿಗೆಗೆ ಇಳಿಸಿ. ಆದರೆ ಎಷ್ಟೋ ಪ್ರವಚನಗಳನ್ನು ಕೇಳಿದರೂ ತೆರೆಯದ ಕಣ್ಣು ಒಂದು ಹಾಸ್ಯಚಿತ್ರದಿಂದ ತೆರೆಯಿತೆಂಬುದನ್ನು ಮುಚ್ಚಿಟ್ಟರೆ ಅದು ಮೃಷಾವಾದವಾದೀತು.

ಸಮಂತಭದ್ರಸ್ವಾಮಿಗಳು ಮೂಢತೆಗಳನ್ನು ಮೂರೆಂದು ಎಣಿಸಿದರು. ಕಲ್ಲುಮರಳುಗಳ ರಾಶಿ ಹಾಕಿ ಪುಣ್ಯವೆನ್ನುವುದು ಲೋಕಮೂಢತೆ. ವರದ ಆಸೆಯಿಂದ ರಾಗದ್ವೇಷಗಳುಳ್ಳ ದೇವತೆಗಳನ್ನು ಸೇವಿಸುವುದು ದೇವಮೂಢತೆ. ಆರಂಭ ಪರಿಗ್ರಹಗಳಲ್ಲಿ ಮುಳುಗಿದ ವೇಷಧಾರಿಗಳನ್ನು ಪುರಸ್ಕರಿಸುವುದು ಪಾಷಂಡಿಮೂಢತೆ. 2014ರ ‘ಪಿಕೆ’ ಚಿತ್ರದಲ್ಲಿ ಅನ್ಯಗ್ರಹದಿಂದ ಬಂದವನು ಕಾಲೇಜಿನ ಎದುರಿನ ಮರದಡಿ ಒಂದು ಕಲ್ಲಿಟ್ಟು, ಕೆಂಪು ಬಳಿದು, ನಾಲ್ಕು ನಾಣ್ಯ ಹಾಕುತ್ತಾನೆ. ಪರೀಕ್ಷೆಗೆ ಹೊರಟ ವಿದ್ಯಾರ್ಥಿಗಳು ಸಾಲಾಗಿ ಬಂದು ಅಡ್ಡಬಿದ್ದು ಹಣ ಹಾಕತೊಡಗುತ್ತಾರೆ. ಲೋಕಮೂಢತೆಗೆ ಇದಕ್ಕಿಂತ ಒಳ್ಳೆಯ ಟೀಕೆಯನ್ನು ನಮ್ಮ ಯಾವ ಪಾಠಶಾಲೆಯ ಪುಸ್ತಕದಲ್ಲಿಯೂ ನಾನು ಓದಿಲ್ಲ. ಆ ಚಿತ್ರಕ್ಕೆ ಅಹಮದಾಬಾದಿನಲ್ಲಿ ಚಿತ್ರಮಂದಿರಗಳ ಮೇಲೆ ಕಲ್ಲು ಬಿತ್ತು; ಉತ್ತರಪ್ರದೇಶ ಸರ್ಕಾರ ಮನರಂಜನಾ ತೆರಿಗೆ ಮಾಫಿ ಮಾಡಿತು. ಜೈನರು ಸುಮ್ಮನಿದ್ದೆವು, ನಮಗೆ ಸಂಬಂಧವಿಲ್ಲವೆಂದು. ಸಂಬಂಧವಿಲ್ಲವೇ? ಪದ್ಮಾವತಿ ಅಮ್ಮನವರ ಮುಂದೆ ಹೂ ಬೀಳಲಿ ಎಂದು ಕಾದು ಕುಳಿತು, ವ್ಯಾಜ್ಯದ ತೀರ್ಪನ್ನೂ ಮಗಳ ಸಂಬಂಧವನ್ನೂ ಬೇಡುವಾಗ, ಪಕ್ಕದ ಗರ್ಭಗುಡಿಯಲ್ಲಿ ಏನನ್ನೂ ಕೊಡದ, ಏನನ್ನೂ ಬಯಸದ ಪಾರ್ಶ್ವನಾಥನ ಎದುರು ಜನವೇ ಇಲ್ಲದಿರುವುದನ್ನು ನಾವು ಕಂಡಿಲ್ಲವೇ? ಶಾಸನದೇವಿಯ ಗೌರವ ಬೇರೆ, ವರದ ವ್ಯಾಪಾರ ಬೇರೆ.

ಹಾಗಾದರೆ ಪಿಂಛಿಯ ಮಾತೇನು? ಇಲ್ಲಿ ನಾನು ನನ್ನ ಮಿತ್ರರ ಜೊತೆಗೇ ನಿಲ್ಲುತ್ತೇನೆ, ಅರ್ಧದಾರಿಯವರೆಗೆ. ವೇಷವನ್ನು ನಗುವುದು ಒಂದು, ವ್ರತವನ್ನು ನಗುವುದು ಇನ್ನೊಂದು. ನವಿಲು ತಾನಾಗಿ ಉದುರಿಸಿದ ಗರಿಗಳಿಂದ ಕಟ್ಟಿದ, ಕುಳಿತೆಡೆಯ ಇರುವೆಗೂ ನೋವಾಗದಂತೆ ಮೆಲ್ಲನೆ ಸವರುವ ಆ ಪಿಂಛಿಯನ್ನು, ಬಟ್ಟೆಯ ಒಂದು ಎಳೆಯನ್ನೂ ತನ್ನದೆನ್ನದ ದಿಗಂಬರತ್ವವನ್ನು ಅಂಗಚೇಷ್ಟೆಗೆ ವಸ್ತು ಮಾಡುವವನು ಶುದ್ಧ ಕೌತ್ಕುಚ್ಯವನ್ನೇ ಮಾಡುತ್ತಾನೆ. ಅದರಲ್ಲಿ ಪರೀಕ್ಷೆಯಿಲ್ಲ, ಮೂಢತೆಯ ಖಂಡನೆಯಿಲ್ಲ. ತನಗೆ ತಿಳಿಯದ್ದನ್ನು ಕಂಡು ಹಲ್ಲು ಕಿರಿಯುವುದು ಮಾತ್ರ ಇದೆ. ಅದು ಕೆಟ್ಟ ಹಾಸ್ಯ, ಮತ್ತು ಹಿಂಸೆ. ಹ್ರಸ್ವ ದೇಹದವನನ್ನು ನಗುವುದು ಹೇಗೆ ಹಿಂಸೆಯೋ ಹಾಗೆ.

ಆದರೆ ಆ ಹಿಂಸೆಯನ್ನು ತಾಗಿಸಿಕೊಳ್ಳುವವರು ಯಾರು? ಮುನಿಗಳು ಸಹಿಸಲೆಂದೇ ಸ್ವೀಕರಿಸಿದ ಇಪ್ಪತ್ತೆರಡು ಪರೀಷಹಗಳಲ್ಲಿ ನಾಗ್ನ್ಯವೂ ಇದೆ, ಬೈಗುಳವನ್ನು ಸಹಿಸುವ ಆಕ್ರೋಶವೂ ಇದೆ. 2016ರ ಆಗಸ್ಟಿನಲ್ಲಿ ಮುನಿ ತರುಣಸಾಗರರು ಹರಿಯಾಣದ ವಿಧಾನಸಭೆಯಲ್ಲಿ ಪ್ರವಚನ ಮಾಡಿದಾಗ, ಹಿಂದಿ ಚಿತ್ರಗಳ ಸಂಗೀತಗಾರ ವಿಶಾಲ್ ದದ್ಲಾನಿ ಲಘುವಾಗಿ ಬರೆದದ್ದು ನೆನಪಿರಬಹುದು. ಅದು ಚಲನಚಿತ್ರವಲ್ಲ, ಆದರೆ ಪ್ರಶ್ನೆ ಅದೇ. ಅವರು ಕ್ಷಮೆ ಕೇಳಿದರು, ಮುನಿಗಳು ಕ್ಷಮಿಸಿದರು. ಮುನಿಗಳ ಮಟ್ಟಿಗೆ ಲೆಕ್ಕ ಚುಕ್ತಾ. ಮೊಕದ್ದಮೆ ಮಾತ್ರ ನಿಲ್ಲಲಿಲ್ಲ. ಪಂಜಾಬ್–ಹರಿಯಾಣ ಉಚ್ಚ ನ್ಯಾಯಾಲಯವು 2019ರಲ್ಲಿ ಪ್ರಕರಣವನ್ನು ರದ್ದುಮಾಡಿ, ಅವರಿಗೂ ಇನ್ನೊಬ್ಬರಿಗೂ ತಲಾ ಹತ್ತು ಲಕ್ಷ ರೂಪಾಯಿ ವಿಧಿಸಿತು. 2025ರಲ್ಲಿ ಸರ್ವೋಚ್ಚ ನ್ಯಾಯಾಲಯ ಆ ಮೊತ್ತವನ್ನೂ ತೆಗೆದುಹಾಕಿತು. ತರುಣಸಾಗರರು ಅಷ್ಟರಲ್ಲಿ, 2018ರಲ್ಲಿಯೇ, ದೇಹತ್ಯಾಗ ಮಾಡಿದ್ದರು. ಗುರುವು ಜಮಾ-ಖರ್ಚು ಮುಗಿಸಿದ ಖಾತೆಯನ್ನು ಶಿಷ್ಯಸಮಾಜ ಇಷ್ಟು ವರ್ಷ ತೆರೆದಿಡಬೇಕಾಗಿತ್ತೇ ಎಂದು ಕೇಳಿದರೆ ನನ್ನನ್ನು ಮತ್ತೆ ಧರ್ಮಾಭಿಮಾನವಿಲ್ಲದವನೆನ್ನುತ್ತಾರೆ.

ಸಭೆಯಲ್ಲಿ ನಾನು ಇಟ್ಟ ಸಲಹೆ ಸರಳವಾದದ್ದು. ಟ್ರಸ್ಟಿನ ಇಬ್ಬರು ಹೋಗಿ ಚಿತ್ರವನ್ನು ಪೂರ್ತಿಯಾಗಿ ನೋಡಿ ಬರಲಿ. ಟಿಕೆಟ್ಟಿನ ಹಣ ನಾನು ಕೊಡುತ್ತೇನೆ. ನಗೆ ವೇಷದ ಮೇಲೆ ಬಿದ್ದಿದ್ದರೆ ಠರಾವನ್ನು ಹರಿದುಹಾಕೋಣ. ವ್ರತದ ಮೇಲೆ ಬಿದ್ದಿದ್ದರೆ ನಿರ್ದೇಶಕನಿಗೆ, ಪಿಂಛಿ ಎಂದರೇನು, ಅದನ್ನು ಏಕೆ ಹಿಡಿಯುತ್ತಾರೆ ಎಂದು ಎರಡು ಪುಟದ ಪತ್ರ ಬರೆಯೋಣ; ಬೈಗುಳವಿಲ್ಲದೆ. ಆ ಪತ್ರದ ಒಂದು ಪ್ರತಿಯನ್ನು ನಮ್ಮ ಪಾಠಶಾಲೆಯ ಮಕ್ಕಳಿಗೂ ಹಂಚೋಣ, ಏಕೆಂದರೆ ತುಣುಕು ತೋರಿಸಿದ ಆ ಮೊಮ್ಮಗನಿಗೂ ಉತ್ತರ ಗೊತ್ತಿರಲಿಲ್ಲವೆಂದು ಅವನ ಅಜ್ಜನೇ ಒಪ್ಪಿಕೊಂಡರು. ಇದರ ಜೊತೆಗೆ, ಹಿಂದಿನ ಗೋಡೆಯ ಮೋರಿಗೆ ಒಂದು ತೊಟ್ಟಿ ಕಟ್ಟಿಸುವ ಮತ್ತು ಅಭಿಷೇಕದ ಹಾಲಿಗೆ ಮಿತಿ ಹಾಕುವ ವಿಷಯವನ್ನೂ ಲಿಖಿತವಾಗಿ ಕೊಟ್ಟೆ.

ಕಾರ್ಯದರ್ಶಿಗಳು ಎರಡನ್ನೂ ತೆಗೆದುಕೊಂಡು ಮುಂದಿನ ಸಭೆಗೆ ಇಡುವುದಾಗಿ ಹೇಳಿದರು. ಮೊನ್ನೆ ಮುಂದಿನ ಸಭೆಯ ಸೂಚನಾಪತ್ರ ಮನೆಗೆ ಬಂದಿದೆ. ಖಂಡನಾ ಠರಾವು ಒಂದನೆಯ ವಿಷಯವಾಗಿಯೇ ಇದೆ. ಹಾಲಿನ ವಿಷಯ ಪಟ್ಟಿಯಲ್ಲಿ ಇಲ್ಲ. ಅದನ್ನು ಇತರ ವಿಷಯಗಳು ಎಂಬಲ್ಲಿ ಎತ್ತಲು ಅವಕಾಶ ಕೋರಿ ನಿನ್ನೆ ಮತ್ತೊಂದು ಪತ್ರ ಬರೆದಿದ್ದೇನೆ.